ಪುಟ್ಟ ಬೇಸ್‌ಗೆ ಯಾವ ತಂತಿ? ಐದು ಸೆಟ್ ಬದಲಿಸಿದ ಮೇಲೆ

ನನ್ನ ಬೇಸ್ ಗಿಟಾರ್ 30 ಇಂಚಿನದು. ಅಂದರೆ ಕುತ್ತಿಗೆಯ ತುದಿಯಲ್ಲಿ ತಂತಿ ಕೂರುವ ನಟ್‌ನಿಂದ ಒಡಲ ಮೇಲೆ ಅದು ಕೂರುವ ಬ್ರಿಡ್ಜ್‌ವರೆಗೆ ತಂತಿ ಕಂಪಿಸುವ ಉದ್ದ 30 ಇಂಚು, ಸುಮಾರು 76 ಸೆಂಟಿಮೀಟರ್. ಸಾಮಾನ್ಯ ಬೇಸ್‌ನಲ್ಲಿ ಇದು 34 ಇಂಚು ಇರುತ್ತದೆ. ನನ್ನದರಂಥ ಗಿಡ್ಡ ಬೇಸ್‌ಗೆ ಶಾರ್ಟ್ ಸ್ಕೇಲ್ ಅನ್ನುತ್ತಾರೆ. ಎರಡೂವರೆ ವರ್ಷದ ಹಿಂದೆ ಎಡ ಮಣಿಕಟ್ಟು ನೋಯಲು ಶುರುವಾದಾಗ ನಾನು ಉದ್ದದ ಬೇಸ್ ಬಿಟ್ಟು ಇದಕ್ಕೆ ಬಂದೆ. ಫ್ರೆಟ್ ಅಂದರೆ ಕುತ್ತಿಗೆಗೆ ಅಡ್ಡವಾಗಿ ಕೂರಿಸಿದ ಲೋಹದ ಪಟ್ಟಿ. 34 ಇಂಚಿನದರಲ್ಲಿ ಒಂದನೇ ಫ್ರೆಟ್‌ನಿಂದ ನಾಲ್ಕನೇ ಫ್ರೆಟ್‌ಗೆ ಸುಮಾರು 13 ಸೆಂಟಿಮೀಟರ್ ಆಗುತ್ತದೆ. ಇದರಲ್ಲಿ ಹನ್ನೊಂದೂವರೆ. ಒಂದೂವರೆ ಸೆಂಟಿಮೀಟರ್ ಏನು ಮಹಾ ಅನ್ನಿಸಬಹುದು. ಎರಡು ಗಂಟೆ ನುಡಿಸಿದ ಕೈಗೆ ಅದು ಚೆನ್ನಾಗಿ ಗೊತ್ತಾಗುತ್ತದೆ.

ನೋವು ಕಡಿಮೆಯಾಯಿತು. ಸದ್ದು ಮಾತ್ರ ಕೈಕೊಟ್ಟಿತು. ನಾಲ್ಕು ತಂತಿಗಳಲ್ಲಿ ತೆಳುವಾದ ಜಿ, ಡಿ ತಂತಿಗಳು ದುಂಡಗೆ, ಸಿಹಿಯಾಗಿ ನುಡಿಯುತ್ತಿದ್ದವು. ಎ ಪರವಾಗಿಲ್ಲ ಅನ್ನುವಂತಿತ್ತು. ಎಲ್ಲಕ್ಕಿಂತ ದಪ್ಪದ, ಕೆಳಗಿನ ಸ್ವರದ ಇ ತಂತಿಗೆ ಬಂದರೆ ಎಲ್ಲ ಮುದ್ದೆಯಾಗುತ್ತಿತ್ತು. ಯಾವ ಸ್ವರ ನುಡಿಸಿದೆ ಅಂತ ನನಗೇ ಕೇಳಿಸುತ್ತಿರಲಿಲ್ಲ. ಸ್ವಲ್ಪ ಜೋರಾಗಿ ಮೀಟಿದರೆ ತಂತಿ ಫ್ರೆಟ್‌ಗೆ ಬಡಿದು ಕಟಕಟ ಅನ್ನುತ್ತಿತ್ತು. ನಮ್ಮ ಡ್ರಮ್ಮರ್ ಒಂದು ದಿನ, 'ನೀನು ಕೆಳಗೆ ಹೋದಾಗ ನನಗೆ ನಿನ್ನ ಬೇಸ್ ಸಿಗೋದೇ ಇಲ್ಲ' ಅಂದ. ಆ ಮಾತು ಮನಸ್ಸಿನಲ್ಲಿ ಕೂತುಬಿಟ್ಟಿತು. ಬೇಸ್ ನುಡಿಸುವವರಿಗೆ ಡ್ರಮ್ಮರ್ ಹೀಗೆ ಹೇಳಿದರೆ ಉಳಿದದ್ದೆಲ್ಲ ಬದಿಗಿಟ್ಟು ಅದನ್ನು ಸರಿಮಾಡಬೇಕು.

ಅಲ್ಲಿಂದ ಇಲ್ಲಿಯವರೆಗೆ, ಬೇಸ್ ಜೊತೆಗೆ ಬಂದದ್ದೂ ಸೇರಿ, ಐದು ಸೆಟ್ ತಂತಿ ನೋಡಿದ್ದೇನೆ. ಇನ್ನೆರಡು ಬಗೆಯನ್ನು ಗೆಳೆಯರ ಬೇಸ್‌ಗಳಲ್ಲಿ ನುಡಿಸಿ ನೋಡಿದ್ದೇನೆ. ಪ್ರತಿ ಸೆಟ್ ಹಾಕಿದ ದಿನ, ತೆಗೆದ ದಿನ, ಅಳತೆ, ಅನಿಸಿಕೆ ಎಲ್ಲ ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟಿದ್ದೇನೆ. ಅದನ್ನು ಪಕ್ಕದಲ್ಲಿ ಇಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಲೆಕ್ಕದ ಮಾತು. ಇದು ಗೊತ್ತಿಲ್ಲದೆ ತಂತಿ ಕೊಂಡರೆ ಹಣ ಸುಮ್ನೆ ಹೋಗುತ್ತದೆ. ಒಂದೇ ತಂತಿಯನ್ನು ಒಂದೇ ಶ್ರುತಿಗೆ ಏರಿಸಿದಾಗ ಅದರ ಬಿಗಿತ ಉದ್ದದ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. 34ರಿಂದ 30ಕ್ಕೆ ಇಳಿದರೆ ಬಿಗಿತ ಶೇಕಡ 22ರಷ್ಟು ಬೀಳುತ್ತದೆ. ಉದ್ದದ ಬೇಸ್‌ನಲ್ಲಿ 40 ಪೌಂಡ್ ಎಳೆಯುತ್ತಿದ್ದ ತಂತಿ ಇಲ್ಲಿ 31 ಪೌಂಡ್ ಮಾತ್ರ ಎಳೆಯುತ್ತದೆ. ಇದು ಕೈಗೆ ಹೇಗಿರುತ್ತದೆ ಅಂತ ತಿಳಿಯಬೇಕಾದರೆ, ಉದ್ದದ ಬೇಸನ್ನು ಎರಡು ಫ್ರೆಟ್‌ನಷ್ಟು ಕೆಳಗೆ ಶ್ರುತಿ ಮಾಡಿ ನುಡಿಸಿ ನೋಡಿ. ಇ ತಂತಿಯನ್ನು ಡಿಗೆ ಇಳಿಸಿದಾಗ ಬರುವ ಆ ಸಡಿಲವೇ ಶಾರ್ಟ್ ಸ್ಕೇಲ್‌ನ ಇ ತಂತಿಯ ಮಾಮೂಲಿ ಸ್ಥಿತಿ.

ಇನ್ನೊಂದು ಸಂಗತಿಯನ್ನು ನಾನು ಗಮನಿಸಿದ್ದು ತಡವಾಗಿ. ತುಂಬಾ ಜನ ಹಾಕುವ 45-65-80-100 ಸೆಟ್‌ನಲ್ಲಿ ನಾಲ್ಕೂ ತಂತಿ ಒಂದೇ ಬಿಗಿಯಲ್ಲಿ ಇರುವುದಿಲ್ಲ. ಈ ಅಂಕಿಗಳು ಇಂಚಿನ ಸಾವಿರದ ಭಾಗದಲ್ಲಿ ತಂತಿಯ ದಪ್ಪ. ದಪ್ಪ ಮತ್ತು ಕಂಪನಸಂಖ್ಯೆ ಹಿಡಿದು ಅಂದಾಜು ಲೆಕ್ಕ ಹಾಕಿದರೆ ಡಿ ತಂತಿ ಎಲ್ಲಕ್ಕಿಂತ ಬಿಗಿ, ಇ ತಂತಿ ಎಲ್ಲಕ್ಕಿಂತ ಸಡಿಲ. ಎರಡರ ನಡುವೆ ಹೆಚ್ಚು ಕಡಿಮೆ ಕಾಲು ಭಾಗದಷ್ಟು ವ್ಯತ್ಯಾಸ. ಉದ್ದದ ಬೇಸ್‌ನಲ್ಲಿ ಇದು ಹೇಗೋ ನಡೆದುಹೋಗುತ್ತದೆ. ಇಲ್ಲಿ ಅದರ ಮೇಲೆ ಶೇಕಡ 22 ಬೇರೆ ಕಳೆಯಬೇಕು. ಹಾಗಾಗಿ ಶಾರ್ಟ್ ಸ್ಕೇಲ್‌ಗೆ ಸೆಟ್ ಆರಿಸುವಾಗ ನಾನು ಮೊದಲು ನೋಡುವುದು ಇ ತಂತಿಯನ್ನು. ಅದು ಸರಿ ಕೂತರೆ ಉಳಿದ ಮೂರು ಹೇಗೂ ಕೂರುತ್ತವೆ.

ಹಾಗಾದರೆ ದಪ್ಪ ತಂತಿ ಹಾಕಿದರೆ ಆಯಿತಲ್ಲ ಅಂತ ಅನ್ನಿಸುತ್ತದೆ. ಸ್ವಲ್ಪ ಮಟ್ಟಿಗೆ ಹೌದು. 100ರ ಬದಲು 105 ಹಾಕಿದರೆ ಬಿಗಿತ ಸುಮಾರು ಶೇಕಡ 10 ಏರುತ್ತದೆ. 110 ಹಾಕಿದರೆ 21. ಪುಟ್ಟ ಬೇಸ್‌ನ ಮೇಲೆ 110ರ ಇ ತಂತಿ, ಉದ್ದದ ಬೇಸ್‌ನ 100ರ ತಂತಿಗೆ ತುಂಬಾ ಹತ್ತಿರ ಬರುತ್ತದೆ. ಆದರೆ ದಪ್ಪ ಆದಷ್ಟೂ ತಂತಿ ಸರಳಿನಂತೆ ಸೆಟೆದುಕೊಳ್ಳುತ್ತದೆ. ಒಂದು ತಂತಿ ಮೀಟಿದಾಗ ಮೂಲ ಸ್ವರದ ಜೊತೆ ಅದರ ಎರಡು, ಮೂರು, ನಾಲ್ಕು ಪಟ್ಟಿನ ಸ್ವರಗಳು, ಅಂದರೆ ಹಾರ್ಮೋನಿಕ್‌ಗಳೂ ಹೊಮ್ಮುತ್ತವೆ. ತಂತಿ ಗಿಡ್ಡ ಮತ್ತು ದಪ್ಪ ಆದಷ್ಟೂ ಈ ಹಾರ್ಮೋನಿಕ್‌ಗಳು ಇರಬೇಕಾದ ಜಾಗ ಬಿಟ್ಟು ಮೇಲಕ್ಕೆ ಜಾರುತ್ತವೆ. ಇ ತಂತಿಯ ಮೂಲ ಸ್ವರ 41 ಹರ್ಟ್ಸ್. ಸಣ್ಣ ಆಂಪ್ಲಿಫೈಯರ್ ಅದನ್ನು ಪೂರ್ತಿ ಹೊರಡಿಸುವುದೇ ಇಲ್ಲ. ನಮ್ಮ ಕಿವಿ ಹಾರ್ಮೋನಿಕ್‌ಗಳಿಂದಲೇ ಅದು ಯಾವ ಸ್ವರ ಅಂತ ಹಿಡಿಯುತ್ತದೆ. ಅವೇ ಜಾರಿದರೆ ಅಥವಾ ಮಂಕಾದರೆ ಮುದ್ದೆ ಸದ್ದು ಅನ್ನದೆ ಇನ್ನೇನು ಅನ್ನುವುದು? ಅದಕ್ಕೇ ಇಲ್ಲಿ ಬಿಗಿಯೂ ಬೇಕು, ಬಾಗುವ ಗುಣವೂ ಬೇಕು. ಎರಡರ ನಡುವೆ ಒಂದು ಜಾಗ ಹುಡುಕಿಕೊಳ್ಳಬೇಕು. ನನಗೆ ಅದು ಸಿಕ್ಕಿದ್ದು 105ರಲ್ಲಿ.

ಇನ್ನು ಸೆಟ್‌ಗಳ ಕಥೆ.

ಬೇಸ್ ಜೊತೆಗೆ ಬಂದ ತಂತಿಗಳು ರೌಂಡ್‌ವೌಂಡ್. ಅಂದರೆ ಒಳಗಿನ ಉಕ್ಕಿನ ತಂತಿಯ ಸುತ್ತ ದುಂಡನೆಯ ತಂತಿ ಸುತ್ತಿದ್ದು. ಬೆರಳಿಗೆ ಗರಗಸದಂತೆ ಗರಗರ ಅನ್ನುತ್ತದೆ, ಕೈ ಜಾರಿಸಿದಾಗ ಕಿರ್ರ್ ಅನ್ನುತ್ತದೆ. ಯಾವ ಕಂಪನಿಯದೋ ಗೊತ್ತಿರಲಿಲ್ಲ. ಇ ತಂತಿಯನ್ನು ಅಳೆದರೆ 95ಕ್ಕೂ ಕಡಿಮೆ ಇತ್ತು. ಮೇಲೆ ಹೇಳಿದ ಎಲ್ಲ ತೊಂದರೆ ಇದರದ್ದೇ. ಎರಡು ತಿಂಗಳು ನುಡಿಸಿ ತೆಗೆದೆ. ಹೊಸ ಶಾರ್ಟ್ ಸ್ಕೇಲ್ ಬೇಸ್ ತಂದು, ಸದ್ದು ಸರಿಯಿಲ್ಲ ಅಂತ ಮಾರುವವರು ಒಂದು ಸಲ ತಂತಿ ಬದಲಿಸಿ ನೋಡಲಿ ಅಂತ ನಾನು ಕಳಕಳಿಯಿಂದ ಕೇಳುತ್ತೇನೆ. ಎಷ್ಟೋ ಸಲ ತಪ್ಪು ವಾದ್ಯದ್ದಲ್ಲ.

ಎರಡನೆಯದು ಒಂದು ಪಾಠ. ಹಳೆಯ ಧ್ವನಿಮುದ್ರಿಕೆಗಳಲ್ಲಿ ಕೇಳಿಸುವ ಆ ಮೆತ್ತನೆಯ, ಗುಂಯ್ ಅಂತ ನಿಲ್ಲುವ ಸದ್ದು ನನಗೆ ತುಂಬಾ ಇಷ್ಟ. ಅದಕ್ಕೆ ಫ್ಲಾಟ್‌ವೌಂಡ್ ಬೇಕು. ಇದರಲ್ಲಿ ಹೊರಗಿನ ಸುತ್ತು ಚಪ್ಪಟೆ ಪಟ್ಟಿಯದು. ಬೆರಳಿಗೆ ನುಣುಪು. ನನಗೆ ಸಿಕ್ಕಿದ ಒಂದು ಸೆಟ್ 34 ಇಂಚಿನ ಬೇಸ್‌ಗೆ ಮಾಡಿದ್ದು. 'ಉದ್ದ ತಾನೆ ಜಾಸ್ತಿ, ಕತ್ತರಿಸಿದರೆ ಆಯಿತು' ಅಂದುಕೊಂಡೆ. ಹಾಗೆ ಮಾಡಬಾರದಿತ್ತು. ಬೇಸ್ ತಂತಿಯ ತುದಿಯಲ್ಲಿ, ಶ್ರುತಿ ಮಾಡಲು ತಿರುಗಿಸುವ ಟ್ಯೂನರ್‌ನ ಕಂಬಕ್ಕೆ ಸುತ್ತಲೆಂದೇ ತೆಳು ಮಾಡಿದ ಭಾಗ ಇರುತ್ತದೆ, ಸಾಮಾನ್ಯವಾಗಿ ಅದರ ಮೇಲೆ ಬಣ್ಣದ ರೇಷ್ಮೆ ದಾರ ಸುತ್ತಿರುತ್ತಾರೆ. ಉದ್ದದ ತಂತಿಯನ್ನು ಪುಟ್ಟ ಬೇಸ್‌ಗೆ ಹಾಕಿದಾಗ ಆ ತೆಳು ಭಾಗ ಟ್ಯೂನರ್ ದಾಟಿ ಹೋಗಿಬಿಡುತ್ತದೆ. ಪೂರ್ತಿ ದಪ್ಪದ ಭಾಗವನ್ನೇ ಕಂಬಕ್ಕೆ ಸುತ್ತಬೇಕಾಗುತ್ತದೆ. ಚಪ್ಪಟೆ ಸುತ್ತಿನ ತಂತಿ ಅಷ್ಟು ಬಿಗಿ ತಿರುವನ್ನು ತಾಳುವುದಿಲ್ಲ. ನನ್ನದು ಶ್ರುತಿಗೆ ಬರುವ ಮೊದಲೇ ಸುತ್ತು ಬಿರಿಯಿತು. ಎರಡು ದಿನಕ್ಕೆ ಕಂಬದ ಹತ್ತಿರವೇ ತುಂಡಾಯಿತು. ರೌಂಡ್‌ವೌಂಡ್ ಆದರೆ ಕೆಲವರು ಹೀಗೆ ಮಾಡಿ ದಕ್ಕಿಸಿಕೊಳ್ಳುತ್ತಾರೆ. ಅಲ್ಲೂ ಮೊದಲು ತಂತಿಯನ್ನು ನೇರ ಕೋನಕ್ಕೆ ಮಡಚಿ, ಮಡಿಕೆಯ ಆಚೆ ಕತ್ತರಿಸಬೇಕು. ಮಡಚದೆ ಕತ್ತರಿಸಿದರೆ ಸುತ್ತು ಒಳಗಿಂದ ಸಡಿಲಾಗಿ ತಂತಿ ಸತ್ತುಹೋಗುತ್ತದೆ, ಮೀಟಿದರೆ ಟಪ್ ಅನ್ನುತ್ತದೆ ಅಷ್ಟೆ. ಫ್ಲಾಟ್‌ವೌಂಡ್‌ನಲ್ಲಿ ಮಾತ್ರ ಈ ಪ್ರಯೋಗ ಬೇಡವೇ ಬೇಡ.

ಆಮೇಲೆ ಅಳತೆ ಪಟ್ಟಿ ಹಿಡಿದು ಕೂತೆ. ಅಳೆಯಬೇಕಾದ್ದು 30 ಇಂಚನ್ನಲ್ಲ. ತಂತಿಯ ಹಿತ್ತಾಳೆ ಗುಂಡು ಬ್ರಿಡ್ಜ್‌ನಲ್ಲಿ ಕೂರುವ ಜಾಗದಿಂದ ನಟ್‌ವರೆಗೆ ಎಷ್ಟು ಅಂತ ಅಳೆಯಬೇಕು. ನನ್ನದರಲ್ಲಿ ಅದು ಮೂವತ್ತೊಂದೂವರೆ ಇಂಚು. ನಟ್‌ನಿಂದ ಇ ತಂತಿಯ ಟ್ಯೂನರ್ ಕಂಬಕ್ಕೆ ಇನ್ನೆರಡು ಇಂಚು. ಅಂದರೆ ಇ ತಂತಿಯ ಪೂರ್ತಿ ದಪ್ಪದ ಭಾಗ ಮೂವತ್ತೊಂದೂವರೆಗಿಂತ ಜಾಸ್ತಿ ಇರಬೇಕು, ಮೂವತ್ತಮೂರೂವರೆಗಿಂತ ಕಡಿಮೆ ಇರಬೇಕು. ಎರಡು ಇಂಚಿನ ಕಿಟಕಿ. ರೇಷ್ಮೆ ನಟ್‌ನ ಮೇಲೆ ಬಂದು ಕೂತರೆ ಆ ತಂತಿಯ ಸದ್ದು ಕೆಡುತ್ತದೆ. ಕಂಬದ ಆಚೆ ಹೋದರೆ ನನಗೆ ಆದದ್ದೇ ಆಗುತ್ತದೆ.

ಡಬ್ಬಿಯ ಮೇಲೆ 'ಶಾರ್ಟ್ ಸ್ಕೇಲ್' ಅಂತ ಇದ್ದರೆ ಸಾಕಲ್ವಾ ಅಂದರೆ, ಎಲ್ಲ ಬೇಸ್‌ಗೂ ಸಾಕಾಗುವುದಿಲ್ಲ. ಹಳೆಯ ಫೆಂಡರ್ ಮಸ್ಟಾಂಗ್ ಬೇಸ್‌ನಲ್ಲಿ ತಂತಿ ಮರದ ಹಿಂಬದಿಯಿಂದ ತೂರಿ ಬರುತ್ತದೆ. 1966ರಲ್ಲಿ ಬಂದ ಆ ಬೇಸ್ 30 ಇಂಚಿನದೇ. ಆದರೂ ಹಿಂದಿನ ದಾರಿ ಸೇರಿ ತಂತಿ ಉದ್ದ ಬೇಕಾಗುತ್ತದೆ, ಅಂಥ ಬೇಸ್‌ಗೆ ಕೆಲವು ಸಲ 32 ಇಂಚಿನ ಮೀಡಿಯಂ ಸ್ಕೇಲ್ ಸೆಟ್ಟೇ ಸರಿಹೋಗುತ್ತದೆ. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ ಕೈಯಲ್ಲಿ ಎಲ್ಲರೂ ನೋಡಿರುವ ಹಾಫ್ನರ್ 500/1 ಪಿಟೀಲಿನ ಆಕಾರದ ಬೇಸ್ ಕೂಡ 30 ಇಂಚಿನದು. ಅದರಲ್ಲಿ ತಂತಿ ಬ್ರಿಡ್ಜ್‌ನಲ್ಲಿ ಶುರುವಾಗುವುದಿಲ್ಲ, ಇನ್ನೂ ಹಿಂದೆ ಟೇಲ್‌ಪೀಸ್‌ನಿಂದ ಶುರುವಾಗುತ್ತದೆ. ಎಷ್ಟೋ ಇಂಚು ಹೆಚ್ಚು ಬೇಕು. ಆ ಬೇಸ್‌ಗೆ ಅಂತಲೇ ಸೆಟ್ ಮಾಡುವ ಕಂಪನಿಗಳಿವೆ. ಒಳಗೆ ಟೊಳ್ಳಾದ ಹಗುರ ವಾದ್ಯ ಅದು, ಬ್ರಿಡ್ಜ್ ಸುಮ್ನೆ ಮೇಲೆ ಕೂತಿರುತ್ತದೆ. ಅದಕ್ಕೆ ಭಾರಿ ಬಿಗಿಯ ತಂತಿ ಹಾಕುವ ಮುಂಚೆ ಎರಡು ಸಲ ಯೋಚಿಸಿ.

ಮೂರನೆಯ ಸೆಟ್ ಡಿ'ಅಡಾರಿಯೊದ ಇಎಕ್ಸ್‌ಎಲ್ 160ಎಸ್. ಕೊನೆಯ 'ಎಸ್' ಅಂದರೆ ಶಾರ್ಟ್ ಸ್ಕೇಲ್. ನಿಕಲ್ ಲೇಪದ ಉಕ್ಕಿನ ರೌಂಡ್‌ವೌಂಡ್, 50-70-85-105. ಇದೇ ಕಂಪನಿಯ 170ಎಸ್ ಸೆಟ್ 45-65-80-100. ಲೆಕ್ಕ ಹಾಕಿಟ್ಟಿದ್ದರಿಂದ ನಾನು ದಪ್ಪದ್ದನ್ನೇ ತಂದೆ. ಹಾಕಿ, ಶ್ರುತಿ ಮಾಡಿ, ಇ ತಂತಿಯಲ್ಲಿ ಮೂರನೇ ಫ್ರೆಟ್ ಒತ್ತಿ ಮೀಟಿದೆ. ಸ್ವರ ಕೇಳಿಸಿತು! ಅಂಚು ಇರುವ, ಎಲ್ಲಿ ಶುರು ಎಲ್ಲಿ ಮುಗಿಯಿತು ಅಂತ ಗೊತ್ತಾಗುವ ಸ್ವರ. ಮುಂದಿನ ಭಾನುವಾರದ ಅಭ್ಯಾಸದಲ್ಲಿ ಡ್ರಮ್ಮರ್ ಏನೂ ಹೇಳಲಿಲ್ಲ. ಒಂದು ಹಾಡು ಮುಗಿದ ಮೇಲೆ ಸುಮ್ನೆ ನನ್ನ ಕಡೆ ನೋಡಿ ತಲೆ ಆಡಿಸಿದ. ನನಗೆ ಅಷ್ಟು ಸಾಕಾಗಿತ್ತು.

ಈ ಸೆಟ್ ಹಾಕುವಾಗ ಎರಡು ಕೆಲಸ ಮಾಡಬೇಕಾಯಿತು. ನಟ್‌ನಲ್ಲಿ ತಂತಿ ಕೂರುವ ಸೀಳು ತೆಳು ತಂತಿಗೆ ಕೊರೆದದ್ದು, 105 ಅದರೊಳಗೆ ಪೂರ್ತಿ ಕೂರಲಿಲ್ಲ, ಅಂಚಿನ ಮೇಲೆ ನಿಂತಿತ್ತು. ಹಾಗೆ ಬಿಟ್ಟರೆ ಒಂದನೇ ಫ್ರೆಟ್ ಒತ್ತಿದಾಗ ಸ್ವರ ಮೇಲೇರುತ್ತದೆ, ಶ್ರುತಿಯೂ ನಿಲ್ಲುವುದಿಲ್ಲ. ಸಣ್ಣ ಅರದಿಂದ ಬದಿಗಳನ್ನು ಮೆಲ್ಲಗೆ ಉಜ್ಜಿ ಅಗಲ ಮಾಡಿದೆ. ಆಳ ಮಾಡಬಾರದು, ನೆನಪಿಡಿ. ತಳ ಉಜ್ಜಿದರೆ ತಂತಿ ಫ್ರೆಟ್‌ಗೆ ಬಡಿಯಲು ಶುರುವಾಗುತ್ತದೆ, ಆಮೇಲೆ ನಟ್ಟನ್ನೇ ಬದಲಿಸಬೇಕು. ಎರಡನೆಯದು ಕುತ್ತಿಗೆ. ಬಿಗಿ ಜಾಸ್ತಿಯಾದ್ದರಿಂದ ಅದು ಮುಂದಕ್ಕೆ ಬಾಗಿತು. ತಂತಿಯನ್ನು ಒಂದನೇ ಫ್ರೆಟ್‌ನಲ್ಲೂ ಕೊನೆಯ ಫ್ರೆಟ್‌ನಲ್ಲೂ ಒತ್ತಿ ಹಿಡಿದು, ಏಳನೇ ಫ್ರೆಟ್ ಹತ್ತಿರ ಎಷ್ಟು ಸಂದು ಇದೆ ನೋಡಿದೆ. ಸುಮಾರು 0.3 ಮಿಲಿಮೀಟರ್ ಉಳಿಯುವಂತೆ ಕುತ್ತಿಗೆಯೊಳಗಿನ ಲೋಹದ ಸರಳನ್ನು, ಅಂದರೆ ಟ್ರಸ್ ರಾಡ್ ಅನ್ನು, ತಿರುಗಿಸಿದೆ. ಕಾಲು ಸುತ್ತು ತಿರುಗಿಸಿ, ಒಂದು ರಾತ್ರಿ ಬಿಟ್ಟು ಮತ್ತೆ ನೋಡುವುದು ನನ್ನ ಪದ್ಧತಿ. ಮರಕ್ಕೆ ಹೊಂದಿಕೊಳ್ಳಲು ಸಮಯ ಬೇಕು.

ಆ ಸೆಟ್ ಏಳು ತಿಂಗಳು ಇತ್ತು. ಐದನೇ ತಿಂಗಳಿಗೆ ಮೇಲಿನ ಹೊಳಪು ಹೋಗತೊಡಗಿತು. ರೌಂಡ್‌ವೌಂಡ್‌ಗಳಿಗೆ ಇದು ಸಹಜ. ಸುತ್ತುಗಳ ನಡುವಿನ ಸಂದಿನಲ್ಲಿ ಬೆವರು, ಕೊಳೆ ಸೇರುತ್ತದೆ. ನುಡಿಸಿದ ಮೇಲೆ ಪ್ರತಿ ಸಲ ಬಟ್ಟೆಯಿಂದ ಒರೆಸಿದರೆ ಸ್ವಲ್ಪ ಜಾಸ್ತಿ ದಿನ ಬರುತ್ತದೆ.

ನಿಮಗೆ ಚುರುಕಾದ, ಎದ್ದು ಕೇಳುವ ಸದ್ದು ಬೇಕಾದರೆ, ಪಿಕ್ ಹಿಡಿದು ನುಡಿಸುವವರಾದರೆ, ಇಂಥದ್ದೇ ಸೆಟ್ ಹಾಕಿ, ಬೇರೆ ಹುಡುಕಬೇಡಿ. ಪುಟ್ಟ ಬೇಸ್ ಅಂದರೆ ಮಂಕು ಸದ್ದು ಅನ್ನುವ ಮಾತು ನಿಜವಲ್ಲ. ಬ್ರಿಟನ್ನಿನ ರಾಕ್ ತಂಡ ಕ್ರೀಮ್‌ನಲ್ಲಿ ಜ್ಯಾಕ್ ಬ್ರೂಸ್ ನುಡಿಸಿದ ಗಿಬ್ಸನ್ ಇಬಿ-3 ಶಾರ್ಟ್ ಸ್ಕೇಲ್ ಬೇಸೇ. ಜಾಝ್ ಬೇಸ್ ವಾದಕ ಸ್ಟ್ಯಾನ್ಲಿ ಕ್ಲಾರ್ಕ್ ಅವರ ಕಂಚಿನಂಥ ಸದ್ದು ಬರುವುದೂ ಅಲೆಂಬಿಕ್ ಕಂಪನಿಯ ಶಾರ್ಟ್ ಸ್ಕೇಲ್ ಬೇಸ್‌ನಿಂದ. ಅವರ ಎಡಗೈ ಓಡುವುದನ್ನು ನೋಡಿದರೆ ಈ ಉದ್ದದಲ್ಲಿ ಏನೆಲ್ಲ ಸಾಧ್ಯ ಅಂತ ತಿಳಿಯುತ್ತದೆ.

ನನ್ನ ಮನಸ್ಸು ಮಾತ್ರ ಇನ್ನೂ ಆ ಮೆತ್ತನೆಯ ಸದ್ದಿನ ಕಡೆಗೇ ಎಳೆಯುತ್ತಿತ್ತು.

ನಾಲ್ಕನೆಯದಾಗಿ ನೈಲಾನ್ ಟೇಪ್‌ವೌಂಡ್ ಹಾಕಿದೆ. ಡಿ'ಅಡಾರಿಯೊದ ಇಟಿಬಿ 92ಎಸ್. ಕಪ್ಪು ತಂತಿ, ನೋಡಲು ತುಂಬಾ ಚೆಂದ. ಒಳಗೆ ಲೋಹದ ಸುತ್ತು ಇರುತ್ತದೆ, ಅದರ ಮೇಲೆ ನೈಲಾನ್ ಪಟ್ಟಿ. ಹಾಗಾಗಿ ತಂತಿಯ ಕಂಪನವನ್ನು ಹಿಡಿಯುವ ಮಾಮೂಲಿ ಅಯಸ್ಕಾಂತದ ಪಿಕಪ್‌ಗೂ ಕೇಳಿಸುತ್ತದೆ. ಈ ಬಗ್ಗೆ ತುಂಬಾ ಜನಕ್ಕೆ ಅನುಮಾನ ಇರುತ್ತದೆ, ಅದಕ್ಕೇ ಹೇಳಿದೆ. ಇಲ್ಲಿ ಗೇಜ್, ಅಂದರೆ ದಪ್ಪದ ಅಂಕಿ, ನೋಡಿ ಮೋಸ ಹೋಗಬಾರದು. ನೈಲಾನ್ ಹಗುರ. ದಪ್ಪದಲ್ಲಿ 105 ಅಂತ ಇದ್ದರೂ ತೂಕ ಉಕ್ಕಿನ 105ಕ್ಕಿಂತ ಕಡಿಮೆ, ಆದ್ದರಿಂದ ಬಿಗಿಯೂ ಕಡಿಮೆ. ಬಿಗಿತ ತೀರ್ಮಾನವಾಗುವುದು ತೂಕದಿಂದ, ದಪ್ಪದಿಂದಲ್ಲ. ರೋಟೋಸೌಂಡ್‌ನ ಟ್ರೂ ಬೇಸ್ 88 ಅನ್ನುವ ಟೇಪ್‌ವೌಂಡ್ ಸೆಟ್ ಇನ್ನೂ ದಪ್ಪ, ಜಿ ತಂತಿಯೇ 65. ನನ್ನ ನಟ್‌ನಲ್ಲಿ ಅದು ಕೂರುವ ಸಾಧ್ಯತೆ ಇರಲಿಲ್ಲ, ಅದಕ್ಕೆ ಬಿಟ್ಟೆ.

ಟೇಪ್‌ವೌಂಡ್‌ನ ಸದ್ದಿನಲ್ಲಿ ಒಂದು ಮರದ ಗುಣ ಇದೆ. ದೊಡ್ಡ ನಿಲುವಿನ ಡಬಲ್ ಬೇಸ್ ನೆನಪಾಗುತ್ತದೆ. ರಾತ್ರಿ ಒಬ್ಬನೇ ಕೂತು ನಿಧಾನವಾಗಿ ನುಡಿಸಲು ಇದರಷ್ಟು ಹಿತವಾದದ್ದು ನನಗೆ ಸಿಕ್ಕಿಲ್ಲ. ಬೆರಳಿಗೆ ಒಂದಿಷ್ಟೂ ನೋವಿಲ್ಲ. ಮಣಿಕಟ್ಟಿನ ತೊಂದರೆ ಇರುವವರು ಇದನ್ನು ಖಂಡಿತ ಒಮ್ಮೆ ನೋಡಬೇಕು. ಆದರೆ ನನ್ನ ಬಲಗೈ ಸ್ವಲ್ಪ ಜೋರು. ಡ್ರಮ್ಸ್ ಜೊತೆ ನುಡಿಸುವಾಗ ನಾನು ಎಳೆದು ಮೀಟುತ್ತೇನೆ. ಸಡಿಲ ತಂತಿ ಅಗಲಕ್ಕೆ ತೂಗಾಡಿ ಫ್ರೆಟ್‌ಗೆ ತಾಗುತ್ತಿತ್ತು. ಬ್ರಿಡ್ಜ್‌ನಲ್ಲಿ ತಂತಿ ಕೂರುವ ತುಂಡನ್ನು, ಅಂದರೆ ಸ್ಯಾಡಲನ್ನು ಎತ್ತರಿಸಿದೆ, ಆಗ ಎಡಗೈಗೆ ಕೆಲಸ ಜಾಸ್ತಿಯಾಯಿತು. ಎರಡೂ ಬೇಕು ಅಂದರೆ ಆಗುವುದಿಲ್ಲ. ಮೃದುವಾಗಿ ಮೀಟುವ ಕೈಯಾಗಿದ್ದರೆ ನಾನು ಅಲ್ಲೇ ನಿಲ್ಲುತ್ತಿದ್ದೆ.

ಈ ನಡುವೆ ಇಬ್ಬರು ಗೆಳೆಯರ ಬೇಸ್ ನುಡಿಸಿದೆ. ಒಬ್ಬನದರಲ್ಲಿ ಡಿ'ಅಡಾರಿಯೊ ಕ್ರೋಮ್ಸ್, 45ರಿಂದ 100ರವರೆಗಿನ ಶಾರ್ಟ್ ಸ್ಕೇಲ್ ಫ್ಲಾಟ್‌ವೌಂಡ್. ಫ್ಲಾಟ್‌ಗಳಲ್ಲೇ ಇದು ಬೆಳಕು ಜಾಸ್ತಿ ಇರುವ ಸದ್ದು, ಕೈಗೂ ಬಿಗಿ. ರೌಂಡ್‌ವೌಂಡ್‌ನಿಂದ ಮೊದಲ ಸಲ ಫ್ಲಾಟ್‌ಗೆ ಬರುವವರಿಗೆ ಒಳ್ಳೆಯ ಮೆಟ್ಟಿಲು. ಇನ್ನೊಬ್ಬಳದರಲ್ಲಿ ವಿಯೆನ್ನಾದ ಥೊಮಾಸ್ಟಿಕ್-ಇನ್‌ಫೆಲ್ಡ್ ಜಾಝ್ ಫ್ಲಾಟ್ಸ್. ಇವು ಬೇರೆಯೇ ಜಾತಿ. ಫ್ಲಾಟ್‌ವೌಂಡ್ ಆಗಿದ್ದರೂ ಎಳೆತ ಕಡಿಮೆ, ದಾರದಂತೆ ಬಾಗುತ್ತವೆ. ಮಧ್ಯದ ಸ್ವರಗಳು ಹಾಡಿದಂತೆ ಬರುತ್ತವೆ. ಅವಳು ಬೆರಳ ತುದಿಯಿಂದ ಮುಟ್ಟಿದಂತೆ ಮೀಟುತ್ತಾಳೆ, ಅವಳ ಕೈಗೆ ಅವು ಹೇಳಿ ಮಾಡಿಸಿದ ಹಾಗಿವೆ. ಅದೇ ಬೇಸ್ ನನ್ನ ಕೈಗೆ ಬಂದಾಗ ಐದು ನಿಮಿಷದಲ್ಲಿ ಕಟಕಟ ಶುರುವಾಯಿತು. ಆ ಸಂಜೆ ನನಗೆ ಒಂದು ವಿಷಯ ಖಚಿತವಾಯಿತು. ಯಾವ ತಂತಿ ಒಳ್ಳೆಯದು ಅಂತ ಕೇಳುವ ಮುಂಚೆ ನನ್ನ ಬಲಗೈ ಎಷ್ಟು ಜೋರು ಅಂತ ತಿಳಿದಿರಬೇಕು. ಮೊಬೈಲ್‌ನಲ್ಲಿ ಹತ್ತು ನಿಮಿಷ ನಿಮ್ಮ ಕೈಯನ್ನೇ ಚಿತ್ರೀಕರಿಸಿ ನೋಡಿ. ತಂತಿ ಎಷ್ಟು ಅಗಲ ತೂಗುತ್ತದೆ ಅಂತ ಕಾಣುತ್ತದೆ.

ಐದನೆಯದು, ಈಗ ಬೇಸ್ ಮೇಲಿರುವುದು, ಲಾ ಬೆಲ್ಲಾ ಡೀಪ್ ಟಾಕಿನ್ ಬೇಸ್ ಫ್ಲಾಟ್‌ವೌಂಡ್‌ನ ಶಾರ್ಟ್ ಸ್ಕೇಲ್ ಸೆಟ್, 45ರಿಂದ 105. ಅಮೆರಿಕದ ಮೋಟೌನ್ ಸಂಗೀತ ಕಂಪನಿಯ ಧ್ವನಿಮುದ್ರಿಕೆಗಳಲ್ಲಿ ಬೇಸ್ ನುಡಿಸಿದ ಜೇಮ್ಸ್ ಜೇಮರ್‌ಸನ್ ಲಾ ಬೆಲ್ಲಾ ಫ್ಲಾಟ್‌ಗಳನ್ನೇ ಬಳಸುತ್ತಿದ್ದರು, ಅವರದು 52ರಿಂದ 110ರ ಭಾರಿ ಸೆಟ್, 34 ಇಂಚಿನ ಬೇಸ್ ಮೇಲೆ. ಆ ದಪ್ಪವನ್ನು ಪುಟ್ಟ ಬೇಸ್‌ಗೆ ಹಾಕಿದರೆ ಇ ತಂತಿ ಸರಳಿನಂತೆ ಆಗುತ್ತದೆ ಅನ್ನುವುದು ನನ್ನ ಲೆಕ್ಕ. 105 ನನಗೆ ಸಾಕು.

ಮೊದಲ ವಾರ ಇದು ನನ್ನನ್ನು ಗೆಲ್ಲಲಿಲ್ಲ, ನಿಜ ಹೇಳಬೇಕು. ಹೊಸ ಫ್ಲಾಟ್‌ಗಳಲ್ಲಿ ಒಂದು ಬಗೆಯ ಲೋಹದ ಗುಂಗು ಇರುತ್ತದೆ. ಬೆರಳಿಗೂ ಸ್ವಲ್ಪ ಅಂಟು ಅನ್ನಿಸುತ್ತದೆ. ಮೂರನೇ ವಾರದಿಂದ ಬದಲಾವಣೆ ಕೇಳಿಸತೊಡಗಿತು. ಎರಡು ತಿಂಗಳು ಆಗುವ ಹೊತ್ತಿಗೆ ನಾನು ಹುಡುಕುತ್ತಿದ್ದ ಸದ್ದು ಬಂದಿತ್ತು. ಸ್ವರದ ಶುರು ಗಟ್ಟಿ, ನಡು ದುಂಡಗೆ, ಕೊನೆ ತಾನಾಗಿ ಅಡಗುತ್ತದೆ. ಬಾಸ್ ಡ್ರಮ್‌ನ ಏಟಿನ ಜೊತೆ ಸರಿಯಾಗಿ ಕೂರುತ್ತದೆ. ಇ ತಂತಿಯಲ್ಲಿ ಐದನೇ ಫ್ರೆಟ್‌ವರೆಗೆ ಪ್ರತಿ ಸ್ವರವೂ ಬೇರೆ ಬೇರೆಯಾಗಿ ಕೇಳಿಸುತ್ತದೆ. ಅಲ್ಲಿಂದ ಮೇಲೆ ಇ ತಂತಿಯಲ್ಲಿ ಸ್ವಲ್ಪ ಮಂಕು ಇದೆ. ಆದರೆ ಆ ಸ್ವರಗಳನ್ನು ಎ ತಂತಿಯಲ್ಲೇ ನುಡಿಸುವುದು ಪುಟ್ಟ ಬೇಸ್‌ನಲ್ಲಿ ಹೇಗೂ ಒಳ್ಳೆಯ ಅಭ್ಯಾಸ.

ಫ್ಲಾಟ್‌ಗಳ ಇನ್ನೊಂದು ಸುಖ ಬಾಳಿಕೆ. ಕೊಳೆ ಸೇರಲು ಸಂದಿಲ್ಲ. ಹಾಕಿ ಹನ್ನೊಂದು ತಿಂಗಳಾಯಿತು, ತೆಗೆಯುವ ಯೋಚನೆ ಇಲ್ಲ. ಫ್ರೆಟ್‌ಗಳ ಸವೆತವೂ ಕಡಿಮೆ. ಕೈ ಜಾರಿಸಿದಾಗ ಕಿರ್ರ್ ಇಲ್ಲ, ಧ್ವನಿಮುದ್ರಣ ಮಾಡುವವರಿಗೆ ಇದು ದೊಡ್ಡ ಉಪಕಾರ.

ತೊಂದರೆ ಬಂದದ್ದು ಒಂದೇ ಕಡೆ. ಇ ತಂತಿಯ ಹನ್ನೆರಡನೇ ಫ್ರೆಟ್‌ನ ಸ್ವರ ಮೇಲೇರಿ ನಿಲ್ಲುತ್ತಿತ್ತು. ಅದನ್ನು ಸರಿಮಾಡಲು ಸ್ಯಾಡಲನ್ನು ಹಿಂದಕ್ಕೆ ಎಳೆಯಬೇಕು. ಎಳೆಯುತ್ತ ಹೋದೆ, ಸ್ಕ್ರೂ ಮುಗಿಯಿತು, ಸ್ವರ ಇನ್ನೂ ಕೂದಲೆಳೆಯಷ್ಟು ಮೇಲೇ ಇತ್ತು. ಶಾರ್ಟ್ ಸ್ಕೇಲ್ ಬೇಸ್‌ಗಳಲ್ಲಿ ಇದು ಆಗಾಗ ಬರುವ ಸಮಸ್ಯೆ. ಗಿಡ್ಡ, ದಪ್ಪ ತಂತಿಗೆ ಸ್ಯಾಡಲ್ ತುಂಬಾ ಹಿಂದೆ ಬೇಕು, ಬ್ರಿಡ್ಜ್‌ನಲ್ಲಿ ಅಷ್ಟು ಜಾಗ ಇರುವುದಿಲ್ಲ. ಸ್ಯಾಡಲ್ ಹಿಂದಿನ ಸ್ಪ್ರಿಂಗ್ ತೆಗೆದು ಅರ್ಧಕ್ಕೆ ಕತ್ತರಿಸಿ ಮತ್ತೆ ಹಾಕಿದೆ. ಮೂರು ಮಿಲಿಮೀಟರ್ ಸಿಕ್ಕಿತು. ಸ್ವರ ಜಾಗಕ್ಕೆ ಬಂತು. ತಂತಿಯ ಎಳೆತವೇ ಸ್ಯಾಡಲನ್ನು ಹಿಡಿದಿರುತ್ತದೆ, ಸ್ಪ್ರಿಂಗ್ ಗಿಡ್ಡವಾದರೂ ಅಲುಗಾಡುವುದಿಲ್ಲ. ಅಂದ ಹಾಗೆ, ಇ ತಂತಿ ಹಾಕುವಾಗ ಅದು ಸ್ಯಾಡಲ್ ದಾಟುವ ಜಾಗದಲ್ಲಿ ಬೆರಳಿನಿಂದ ಸ್ವಲ್ಪ ಒತ್ತಿ ಬಾಗಿಸಿ. ದಪ್ಪ ತಂತಿ ಅಲ್ಲಿ ಕಮಾನಿನಂತೆ ಎದ್ದು ನಿಂತಿರುತ್ತದೆ, ಅದರಿಂದಲೂ ಸ್ವರ ತಪ್ಪುತ್ತದೆ. ಇಷ್ಟು ಮಾಡಿದ ಮೇಲೇ ಸ್ಯಾಡಲ್ ಮುಟ್ಟಿ.

ಪಿಕಪ್ ಎತ್ತರವನ್ನೂ ಮತ್ತೆ ಹೊಂದಿಸಿಕೊಳ್ಳಿ. ತಂತಿ ಬದಲಾದರೆ ನಾಲ್ಕರ ನಡುವಿನ ಗಟ್ಟಿತನ ಬದಲಾಗುತ್ತದೆ. ನಾನು ಇ ಬದಿಯನ್ನು ಅರ್ಧ ಸುತ್ತು ಇಳಿಸಿ, ಜಿ ಬದಿಯನ್ನು ಒಂದು ಸುತ್ತು ಏರಿಸಿದೆ. ಮುದ್ದೆ ಸದ್ದಿನಲ್ಲಿ ಸ್ವಲ್ಪ ಪಾಲು ತುಂಬಾ ಹತ್ತಿರ ಇದ್ದ ಪಿಕಪ್‌ನದೂ ಆಗಿತ್ತು ಅಂತ ಆಗ ತಿಳಿಯಿತು. ಇದನ್ನು ಮೊದಲ ದಿನವೇ ಮಾಡಿದ್ದರೆ ಚೆನ್ನಾಗಿತ್ತು.

ಸೆಟ್ ಕೊಳ್ಳುವ ಮುಂಚೆ ಕಂಪನಿಯವರು ಬಿಗಿತದ ಅಂಕಿ ಕೊಟ್ಟಿದ್ದಾರಾ ನೋಡಿ. ಕೆಲವರು ಪ್ರತಿ ತಂತಿಗೂ ಪೌಂಡ್‌ನಲ್ಲಿ ಕೊಡುತ್ತಾರೆ. ಆದರೆ ಅದು ಯಾವ ಉದ್ದಕ್ಕೆ ಹೇಳಿದ್ದು ಅಂತ ಓದಿಕೊಳ್ಳಿ. 34 ಇಂಚಿಗೆ ಕೊಟ್ಟ ಅಂಕಿಯಾಗಿದ್ದರೆ 0.78ರಿಂದ ಗುಣಿಸಿ. ಬಂದ ಅಂಕಿಗಳಲ್ಲಿ ಇ ತಂತಿಯದು ಉಳಿದ ಮೂರಕ್ಕಿಂತ ತೀರಾ ಕೆಳಗಿದ್ದರೆ ಆ ಸೆಟ್ ಬಿಡಿ, ಅಥವಾ ಇ ತಂತಿ ಒಂದನ್ನು ಬಿಡಿಯಾಗಿ ದಪ್ಪದ್ದು ತನ್ನಿ. ಒಂದೇ ಬಗೆಯ, ಒಂದೇ ಕಂಪನಿಯ ತಂತಿಯಾಗಿದ್ದರೆ ಸದ್ದಿನಲ್ಲಿ ಭೇದ ಗೊತ್ತಾಗುವುದಿಲ್ಲ.

ತೆಗೆದ 160ಎಸ್ ಸೆಟ್ ಎಸೆದಿಲ್ಲ. ಸುತ್ತಿ, ದಿನಾಂಕ ಬರೆದು ಲಕೋಟೆಯಲ್ಲಿ ಇಟ್ಟಿದ್ದೆ. ಕಳೆದ ವಾರ ಗೆಳತಿಯ ಮಗಳು ಬೇಸ್ ಕಲಿಯಲು ಶುರುಮಾಡಿದಳು, 30 ಇಂಚಿನದೇ, ಜೊತೆಗೆ ಬಂದ ಸಡಿಲ ತಂತಿಗಳೇ. ಇಬ್ಬರೂ ನೆಲದ ಮೇಲೆ ಕೂತು ಅಳತೆ ಪಟ್ಟಿ ಹಿಡಿದೆವು. ಗುಂಡಿನಿಂದ ನಟ್‌ಗೆ ಮೂವತ್ತೊಂದೂ ಮುಕ್ಕಾಲು. ನನ್ನ ಹಳೆಯ ತಂತಿಗಳು ಸರಿಯಾಗಿ ಕೂತವು. ಅವಳು ಇ ತಂತಿಯನ್ನು ಮೀಟಿ, ಅದು ನಿಲ್ಲುವವರೆಗೂ ಕೇಳಿ, ಮತ್ತೆ ಮೀಟಿದಳು.